ಇದು ಯಾವ ಕೋಶದ ಮಾತು? ಕ್ಯಾನ್ಸರ್ ಚಯಾಪಚಯದ ಪೇಪರ್ ಓದುವ ಬಗೆ

ಈ ವಿಷಯವನ್ನು ರಿವ್ಯೂ ಪೇಪರಿನಿಂದ ಶುರು ಮಾಡಬೇಡಿ. ನಾನು ಬಯೋಕೆಮಿಸ್ಟ್ರಿ ಪಾಠ ಮಾಡುವವಳು. ಎಂಎಸ್ಸಿ ಮಕ್ಕಳು ಸೆಮಿನಾರಿಗೆ ವಿಷಯ ಆರಿಸುವ ಕಾಲ ಬಂತೆಂದರೆ ಒಂದಿಬ್ಬರಾದರೂ ಇದನ್ನೇ ಹಿಡಿದು ಬರುತ್ತಾರೆ: ಕ್ಯಾನ್ಸರ್ ಕೋಶ ತನ್ನ ಚಯಾಪಚಯ ಬದಲಿಸಿಕೊಂಡು, ಎಪಿಜೆನೆಟಿಕ್ ಗುರುತುಗಳನ್ನು (ಯಾವ ಜೀನ್ ಓದಿಸಿಕೊಳ್ಳಬೇಕೆಂದು ನಿರ್ಧರಿಸುವ ರಾಸಾಯನಿಕ ಗುರುತುಗಳನ್ನು) ತಿದ್ದಿಕೊಂಡು, ನಮ್ಮ ರೋಗನಿರೋಧಕ ವ್ಯವಸ್ಥೆಗೆ ಹೇಗೆ ಚಳ್ಳೆಹಣ್ಣು ತಿನ್ನಿಸುತ್ತದೆ. ಜೊತೆಗೆ ಯಾವುದೋ ರಿವ್ಯೂನಿಂದ, ಅಂದರೆ ಬೇರೆಯವರ ಪೇಪರುಗಳನ್ನು ಒಟ್ಟುಗೂಡಿಸಿ ಬರೆದ ಲೇಖನದಿಂದ, ಇಳಿಸಿಕೊಂಡ ಬಣ್ಣದ ಚಿತ್ರ ಇರುತ್ತದೆ. ನಡುವೆ ಗೆಡ್ಡೆ, ಸುತ್ತ ಲ್ಯಾಕ್ಟೇಟ್, ಗ್ಲುಟಮಿನ್, ಹಿಸ್ಟೋನ್, ಪಿಡಿ-ಎಲ್1 ಮುಂತಾದ ಅಣುಗಳ ಹೆಸರು, ಎಲ್ಲದರಿಂದ ಎಲ್ಲದಕ್ಕೂ ಬಾಣ. ಚಿತ್ರವೇನೂ ಸುಳ್ಳಲ್ಲ. ಆದರೆ ಒಂದು ಬಾಣ ಇಲಿಯಲ್ಲಿ ಕಂಡದ್ದು, ಇನ್ನೊಂದು ಪ್ಲಾಸ್ಟಿಕ್ ತಟ್ಟೆಯಲ್ಲಿ, ಮತ್ತೊಂದು ರೋಗಿಯಿಂದ ತೆಗೆದ ಗೆಡ್ಡೆಯಲ್ಲಿ. ಎಲ್ಲವೂ ಒಂದೇ ದಪ್ಪದಲ್ಲಿ ಅಚ್ಚಾದಾಗ ಆ ಭೇದ ಅಳಿಸಿಹೋಗುತ್ತದೆ. ಬಾಯಿಪಾಠ ಮಾಡಲು ಅನುಕೂಲ, ಯೋಚನೆ ಮಾಡಲು ಅಲ್ಲ.

ಒಂದೇ ಒಂದು ಮೂಲ ಪೇಪರ್ ಹಿಡಿಯಿರಿ. ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಎಷ್ಟೋ ಪೇಪರುಗಳು ಪೂರ್ತಿ, ಪುಕ್ಕಟೆಯಾಗಿ ಸಿಗುತ್ತವೆ. ಸಿಗದಿದ್ದರೆ ಬರೆದವರಿಗೇ ಮೇಲ್ ಹಾಕಿ ಕೇಳಿ, ಬಹಳ ಮಂದಿ ಕಳಿಸಿಕೊಡುತ್ತಾರೆ. ದೊಡ್ಡದೊಂದು ಹಾಳೆ, ಪೆನ್ಸಿಲ್, ರಬ್ಬರ್ ಇಟ್ಟುಕೊಳ್ಳಿ. ಪೆನ್ನು ಬೇಡ, ಅಳಿಸುವ ಕೆಲಸ ಜಾಸ್ತಿ ಇರುತ್ತದೆ.

ಮೊದಲು ಎರಡು ಕೋಶ ಬರೆಯಿರಿ

ಹಾಳೆಯ ಎಡಕ್ಕೆ ಕ್ಯಾನ್ಸರ್ ಕೋಶ, ಬಲಕ್ಕೆ ಅದನ್ನು ಕೊಲ್ಲಬೇಕಾದ ಸಿಡಿ8 ಟಿ ಕೋಶ, ಎರಡರ ನಡುವೆ ಖಾಲಿ ಜಾಗ. ಆ ಖಾಲಿ ಜಾಗವೇ ಗೆಡ್ಡೆಯೊಳಗಿನ ದ್ರವ. ಪೇಪರಿನಲ್ಲಿ ಯಾವ ಅಣುವಿನ ಹೆಸರು ಬಂದರೂ ಅದನ್ನು ಈ ಮೂರರಲ್ಲಿ ಒಂದು ಜಾಗದಲ್ಲಿ ಬರೆಯಬೇಕು. ಎಲ್ಲಿ ಬರೆಯಬೇಕೆಂದು ಗೊತ್ತಾಗದಿದ್ದರೆ ಮುಂದಕ್ಕೆ ಹೋಗಬೇಡಿ. ನನ್ನ ವಿಧಾನದಲ್ಲಿ ಇದೊಂದೇ ಕಟ್ಟುನಿಟ್ಟಾದ ನಿಯಮ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಇಷ್ಟು ಹಟ ಯಾಕೆಂದರೆ, ಒಂದೇ ಅಣು ಎಡಗಡೆ ಒಂದು ಕೆಲಸ ಮಾಡಿ ಬಲಗಡೆ ಅದಕ್ಕೆ ತದ್ವಿರುದ್ಧ ಕೆಲಸ ಮಾಡಬಹುದು. ಗ್ಲೂಕೋಸನ್ನೇ ತೆಗೆದುಕೊಳ್ಳಿ. ಆಮ್ಲಜನಕ ಸಾಕಷ್ಟಿದ್ದರೂ ಗೆಡ್ಡೆಯ ಅಂಗಾಂಶ ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟೇಟ್ ಮಾಡಿ ಹೊರಗೆ ಹಾಕುತ್ತದೆ ಎಂದು 1920ರ ದಶಕದಲ್ಲೇ ಬರ್ಲಿನ್ನಿನಲ್ಲಿ ಒಟ್ಟೋ ವಾರ್ಬರ್ಗ್ ತೋರಿಸಿದ್ದ. (1931ರ ನೊಬೆಲ್ ಅವನಿಗೆ ಬಂದದ್ದು ಇದಕ್ಕಲ್ಲ, ಉಸಿರಾಟದ ಕಿಣ್ವದ ಕೆಲಸಕ್ಕೆ. ಸ್ಲೈಡಿನಲ್ಲಿ ತಪ್ಪು ಹಾಕಬೇಡಿ.) ಇವತ್ತಿನ ಪೆಟ್ ಸ್ಕ್ಯಾನ್ ನಿಂತಿರುವುದೂ ಗೆಡ್ಡೆಯ ಈ ಹಸಿವಿನ ಮೇಲೆಯೇ. ಗ್ಲೂಕೋಸಿಗೆ ಫ್ಲೋರಿನ್-18 ಅಂಟಿಸಿ ಚುಚ್ಚುತ್ತಾರೆ, ಹೆಚ್ಚು ಹೀರಿಕೊಂಡ ಜಾಗ ಹೊಳೆಯುತ್ತದೆ. ಆ ಫ್ಲೋರಿನ್ನಿನ ಅರ್ಧಾಯುಷ್ಯ ಸುಮಾರು 110 ನಿಮಿಷ, ಅದಕ್ಕೇ ಸ್ಕ್ಯಾನಿನ ಸಮಯ ತಪ್ಪಿಸಬೇಡಿ ಅಂತ ಅಷ್ಟು ಒತ್ತಿ ಹೇಳುವುದು.

ಈಗ ಬಲಗಡೆಗೆ ಬನ್ನಿ. ಶತ್ರುವನ್ನು ಗುರುತಿಸಿ ಎಚ್ಚೆತ್ತ ಟಿ ಕೋಶವೂ ಇದನ್ನೇ ಮಾಡುತ್ತದೆ. ಗ್ಲೂಕೋಸನ್ನು ಗಬಗಬ ಹೀರಿ, ಲ್ಯಾಕ್ಟೇಟ್ ಉಗುಳಿ, ಒಂದು ಎರಡಾಗಿ ಎರಡು ನಾಲ್ಕಾಗಿ ಬೆಳೆಯುತ್ತದೆ, ಇಂಟರ್‌ಫೆರಾನ್-ಗಾಮಾ ಎಂಬ ಹೋರಾಟದ ಸಂಕೇತ ಪ್ರೋಟೀನ್ ತಯಾರಿಸುತ್ತದೆ. ಅಂದರೆ ಕಳ್ಳ ಪೊಲೀಸ್ ಇಬ್ಬರಿಗೂ ಬೇಕಾದದ್ದು ಅದೇ ಗ್ಲೂಕೋಸ್. 2015ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಜೊತೆಜೊತೆಗೇ ಬಂದ ಎರಡು ಪೇಪರುಗಳು ಹೇಳಿದ್ದು ಇದನ್ನೇ: ಗೆಡ್ಡೆ ಗ್ಲೂಕೋಸನ್ನು ಮುಗಿಸಿಬಿಟ್ಟರೆ ಟಿ ಕೋಶ ಸೊರಗುತ್ತದೆ. ಗ್ಲೂಕೋಸ್ ಒಡೆಯುವ ಹಾದಿಯಲ್ಲಿ ಬರುವ ಫಾಸ್ಫೋಇನಾಲ್‌ಪೈರುವೇಟ್ ಕಡಿಮೆಯಾದರೆ ಟಿ ಕೋಶದೊಳಗಿನ ಕ್ಯಾಲ್ಸಿಯಂ ಸಂಕೇತವೇ ಕುಗ್ಗುತ್ತದೆಂದು ಅವುಗಳಲ್ಲೊಂದು ತೋರಿಸಿತು.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 2021ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡ ಇಲಿಗಳ ಗೆಡ್ಡೆಯಿಂದ ಕೋಶಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ, ಒಂದೊಂದು ಬಗೆಯೂ ಎಷ್ಟು ಗ್ಲೂಕೋಸ್ ಹೀರಿದೆ ಎಂದು ಅಳೆಯಿತು. ಕೋಶವೊಂದರ ಲೆಕ್ಕದಲ್ಲಿ ಅತಿ ಹೆಚ್ಚು ಹೀರಿದ್ದು ಕ್ಯಾನ್ಸರ್ ಕೋಶವಲ್ಲ, ಮೈಲಾಯ್ಡ್ ಕೋಶಗಳು, ಅಂದರೆ ಮ್ಯಾಕ್ರೋಫೇಜ್ ಮತ್ತದರ ಬಳಗ. ಕ್ಯಾನ್ಸರ್ ಕೋಶ ಮುಂದಿದ್ದದ್ದು ಗ್ಲುಟಮಿನ್ ಎಂಬ ಅಮೈನೋ ಆಮ್ಲದಲ್ಲಿ. ಹಾಗಾಗಿ ‘ಕ್ಯಾನ್ಸರ್ ಟಿ ಕೋಶದ ಸಕ್ಕರೆ ಕದಿಯುತ್ತದೆ’ ಎಂಬ ಸಾಲು ಕಂಡಾಗ ಕೇಳಿ: ಒಂದೊಂದು ಕೋಶದ ಲೆಕ್ಕವೋ, ಇಡೀ ಗೆಡ್ಡೆಯದೋ? ನಡುವಿನ ದ್ರವದಲ್ಲಿ ಗ್ಲೂಕೋಸ್ ಎಷ್ಟು ಉಳಿದಿತ್ತು, ಅಳೆದರೇ? ಹಾಳೆಯ ಕೆಳಗೆ ಮೂರನೆಯ ಕೋಶವೊಂದನ್ನು ಚಿಕ್ಕದಾಗಿ ಬರೆದುಕೊಳ್ಳಿ, ಮೈಲಾಯ್ಡ್ ಕೋಶ. ಅದು ಬೇಕಾಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಚಿಕ್ಕಮ್ಮನಿಗೆ ಕೀಮೋ ನಡೆಯುತ್ತಿದ್ದಾಗ ನೋಡಲು ಬಂದವರೆಲ್ಲ ವಾಟ್ಸ್‌ಆ್ಯಪ್ ತೋರಿಸಿ ‘ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಸಾಯುತ್ತೆ, ಅನ್ನಾನೂ ಬಿಡಿಸಿ’ ಅನ್ನುವವರೇ. ತಿನ್ನುವುದನ್ನು ಬಿಟ್ಟ ಮಾತ್ರಕ್ಕೆ ರಕ್ತದ ಗ್ಲೂಕೋಸ್ ಸೊನ್ನೆಯಾಗುವುದಿಲ್ಲ. ಸ್ನಾಯು ಕರಗಿ ಬಂದ ಅಮೈನೋ ಆಮ್ಲಗಳಿಂದಲಾದರೂ ಲಿವರ್ ಅದನ್ನು ತಯಾರಿಸುತ್ತದೆ. ಮೊದಲೇ ತೂಕ ಇಳಿಯುತ್ತಿರುವ ರೋಗಿಗೆ ಸೊರಗುವುದು ಮೈ, ಗೆಡ್ಡೆಯಲ್ಲ. ಊಟದ ವಿಷಯವನ್ನು ಡಾಕ್ಟರ್ ಹತ್ತಿರ, ಡಯಟೀಷಿಯನ್ ಹತ್ತಿರ ಕೇಳಿ. ಪೇಪರ್ ಓದಿ ಯಾರ ತಟ್ಟೆಯಿಂದಲೂ ಅನ್ನ ತೆಗೆಯಬೇಡಿ.

ಸಾರಾಂಶಕ್ಕಿಂತ ಮೊದಲು ಮೀಡಿಯಂ

ಪೇಪರಿನ ಅಬ್‌ಸ್ಟ್ರಾಕ್ಟ್ ಬಿಟ್ಟು ನೇರ ವಿಧಾನದ ಭಾಗಕ್ಕೆ ಹೋಗಿ. ಕೋಶಗಳನ್ನು ಯಾವ ಮೀಡಿಯಂನಲ್ಲಿ, ಅಂದರೆ ಯಾವ ಪೋಷಕ ದ್ರವದಲ್ಲಿ, ಬೆಳೆಸಿದ್ದಾರೆ ನೋಡಿ. ಆರ್‌ಪಿಎಂಐ-1640 ಎಂಬ ಮೀಡಿಯಂನಲ್ಲಿ ಲೀಟರಿಗೆ 2 ಗ್ರಾಂ ಗ್ಲೂಕೋಸ್ ಇರುತ್ತದೆ, ಸುಮಾರು 11 ಮಿಲಿಮೋಲಾರ್. ಹೈ-ಗ್ಲೂಕೋಸ್ ಡಿಎಂಇಎಂ ಎಂಬ ಇನ್ನೊಂದರಲ್ಲಿ 4.5 ಗ್ರಾಂ, ಅಂದರೆ 25 ಮಿಲಿಮೋಲಾರ್. ಬರಿ ಹೊಟ್ಟೆಯಲ್ಲಿ ನಮ್ಮ ರಕ್ತದಲ್ಲಿರುವುದು 5ರ ಆಸುಪಾಸು. ರಕ್ತದ ಐದು ಪಟ್ಟು ಗ್ಲೂಕೋಸಿನಲ್ಲಿ ತೇಲಾಡುತ್ತಿರುವ ಕೋಶ ಚಯಾಪಚಯದ ಬಗ್ಗೆ ಏನೇ ಹೇಳಲಿ, ಅದು ದೇಹದೊಳಗೂ ನಿಜವೇ ಎಂಬ ಅನುಮಾನ ಇಟ್ಟುಕೊಂಡೇ ಓದಬೇಕು.

ಲ್ಯಾಕ್ಟೇಟ್ ವಿಷಯದಲ್ಲಂತೂ ಮೀಡಿಯಂ ಟೇಬಲ್ ಓದದೆ ಒಂದು ಸಾಲನ್ನೂ ನಂಬಬೇಡಿ. ಕಾರಣ ಕಣ್ಣಿಗೇ ಕಾಣುವಂಥದ್ದು. ಕಲ್ಚರ್ ಮೀಡಿಯಂನಲ್ಲಿ ಫೀನಾಲ್ ರೆಡ್ ಎಂಬ ಬಣ್ಣ ಹಾಕಿರುತ್ತಾರೆ. ಹೊಸ ಫ್ಲಾಸ್ಕ್ ದಾಳಿಂಬೆ ರಸದ ಕೆಂಪಲ್ಲಿರುತ್ತದೆ. ಚೆನ್ನಾಗಿ ಬೆಳೆಯುವ ಕ್ಯಾನ್ಸರ್ ಕೋಶಗಳನ್ನು ಶುಕ್ರವಾರ ಹಾಕಿ ಸೋಮವಾರ ಇನ್‌ಕ್ಯುಬೇಟರ್ ಬಾಗಿಲು ತೆಗೆದರೆ ಮೊದಲು ಕಿತ್ತಳೆ, ಆಮೇಲೆ ಹಳದಿ. ಆ ಹಳದಿ ಬರಿಸಿದ್ದು ಆಮ್ಲ, ಅದರಲ್ಲಿ ದೊಡ್ಡ ಪಾಲು ಕೋಶಗಳು ಹೊರಹಾಕಿದ ಲ್ಯಾಕ್ಟಿಕ್ ಆಮ್ಲ. ಈಗ ಟಿ ಕೋಶಗಳ ಎರಡು ತಟ್ಟೆ ತೆಗೆದುಕೊಳ್ಳಿ. ಒಂದಕ್ಕೆ ಲ್ಯಾಕ್ಟಿಕ್ ಆಮ್ಲ, ಇನ್ನೊಂದಕ್ಕೆ ಅಷ್ಟೇ ಪ್ರಮಾಣದ ಸೋಡಿಯಂ ಲ್ಯಾಕ್ಟೇಟ್ ಹಾಕಿ. ಮೊದಲನೆಯದು ಹಳದಿಯಾಗುತ್ತದೆ, ಎರಡನೆಯದು ಕೆಂಪಾಗೇ ಉಳಿಯುತ್ತದೆ. ಎರಡರಲ್ಲೂ ಲ್ಯಾಕ್ಟೇಟ್ ಇದೆ, ಆಮ್ಲ ಮಾತ್ರ ಒಂದರಲ್ಲೇ. ಟಿ ಕೋಶ ಮೊದಲ ತಟ್ಟೆಯಲ್ಲಿ ಮಾತ್ರ ಕುಗ್ಗಿದರೆ ತಪ್ಪು ಆಮ್ಲದ್ದು, ಎರಡರಲ್ಲೂ ಕುಗ್ಗಿದರೆ ಲ್ಯಾಕ್ಟೇಟಿನದ್ದೂ ಹೌದು. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ ಮೂರನೆಯ ತಟ್ಟೆ ಇದ್ದರೆ ಆ ಪೇಪರಿನ ಮೇಲೆ ನನಗೆ ಗೌರವ ಜಾಸ್ತಿ.

ಆಮ್ಲದ ಪೆಟ್ಟಿಗೆ ಒಂದು ಸರಳ ಕಾರಣ ಇದೆ. ಟಿ ಕೋಶವೂ ತನ್ನ ಲ್ಯಾಕ್ಟಿಕ್ ಆಮ್ಲವನ್ನು ಹೊರಗೆ ತಳ್ಳಬೇಕು, ಅದಕ್ಕೆ ಎಂಸಿಟಿ1 ಎಂಬ ಸಾಗಣೆ ಪ್ರೋಟೀನ್ ಇದೆ. ಅದು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಸಾಗಿಸುತ್ತದೆಯೇ ಹೊರತು ಎದುರು ಹರಿವಿಗೆ ತಳ್ಳುವುದಿಲ್ಲ. ಹೊರಗೇ ತುಂಬಿಕೊಂಡಿದ್ದರೆ ಒಳಗಿನದು ಒಳಗೇ ಉಳಿದು ಗ್ಲೂಕೋಸ್ ಒಡೆಯುವ ಹಾದಿಯೇ ಕಟ್ಟಿಕೊಳ್ಳುತ್ತದೆ.

ಇಷ್ಟಾದ ಮೇಲೆ ಹಾಳೆಗೆ ಇನ್ನೊಂದು ಕೋಶ ಸೇರಿಸಬೇಕು, ನಿಯಂತ್ರಕ ಟಿ ಕೋಶ. ಇದರ ಕೆಲಸ ಬೇರೆ ಟಿ ಕೋಶಗಳನ್ನು ಸುಮ್ಮನಿರಿಸುವುದು. ಮೈ ತನ್ನನ್ನು ತಾನೇ ಹೊಡೆದುಕೊಳ್ಳದಂತೆ ಕಾಯುವ ಈ ಏರ್ಪಾಡಿನ ಶೋಧಕ್ಕೇ 2025ರ ವೈದ್ಯಕೀಯ ನೊಬೆಲ್ ಸಂದದ್ದು, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಗುಚಿ ಅವರಿಗೆ. ಗೆಡ್ಡೆಯೊಳಗಿನ ನಿಯಂತ್ರಕ ಟಿ ಕೋಶಗಳು ಲ್ಯಾಕ್ಟೇಟನ್ನು ಹೀರಿ ಇಂಧನವಾಗಿ ಬಳಸಿಕೊಳ್ಳುತ್ತವೆ ಎಂದು 2021ರಲ್ಲಿ ತೋರಿಸಿದರು. ಕೊಲ್ಲುವ ಕೋಶಕ್ಕೆ ವಿಷವಾದದ್ದು ತಡೆಯುವ ಕೋಶಕ್ಕೆ ಊಟ. ‘ಲ್ಯಾಕ್ಟೇಟ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ’ ಎಂಬ ಒಂದು ಸಾಲಿನೊಳಗೆ ಹೀಗೆ ಎರಡು ಬೇರೆ ಬೇರೆ ಘಟನೆಗಳಿವೆ.

ಅಣುವಿನಿಂದ ಗುರುತಿನವರೆಗೆ

ಎಪಿಜೆನೆಟಿಕ್ಸ್ ಅಂದ ಕೂಡಲೇ ಮಕ್ಕಳು ಬೇರೆ ಅಧ್ಯಾಯಕ್ಕೆ ಜಿಗಿಯುತ್ತಾರೆ. ಜಿಗಿಯಬೇಕಾಗಿಲ್ಲ, ಇದೂ ಬಯೋಕೆಮಿಸ್ಟ್ರಿಯೇ. ಡಿಎನ್‌ಎ ಮೇಲೆ, ಅದು ಸುತ್ತಿಕೊಂಡಿರುವ ಹಿಸ್ಟೋನ್ ಮೇಲೆ ರಾಸಾಯನಿಕ ಗುರುತು ಹಾಕುವ, ತೆಗೆಯುವ ಕಿಣ್ವಗಳಿವೆ. ಅಕ್ಷರ ಬದಲಾಗುವುದಿಲ್ಲ, ಯಾವ ಜೀನ್ ಓದಿಸಿಕೊಳ್ಳುತ್ತದೆ ಅನ್ನುವುದು ಬದಲಾಗುತ್ತದೆ. ಆ ಕಿಣ್ವಗಳಿಗೆ ಕಚ್ಚಾ ವಸ್ತು ಬೇಕಲ್ಲ? ಅದು ಬರುವುದು ಚಯಾಪಚಯದಿಂದ. ಪೆನ್ಸಿಲ್ ತೆಗೆದುಕೊಂಡು ಪ್ರತಿ ಕೋಶದೊಳಗೂ ಮೂರು ಹೆಸರು ಬರೆಯಿರಿ. ಅಸೆಟೈಲ್-ಕೋಎ: ಹಿಸ್ಟೋನಿಗೆ ಅಸೆಟೈಲ್ ಗುಂಪು ಇದರಿಂದ, ಸಾಮಾನ್ಯವಾಗಿ ಜೀನ್ ತೆರೆಯುತ್ತದೆ. ಸ್ಯಾಮ್ ಎಂದು ಕರೆಯುವ ಎಸ್-ಅಡೆನೊಸಿಲ್ ಮಿಥಿಯೊನಿನ್: ಮೀಥೈಲ್ ಗುಂಪುಗಳೆಲ್ಲ ಇದರಿಂದ, ಇದು ಹುಟ್ಟುವುದು ಆಹಾರದ ಮಿಥಿಯೊನಿನ್ನಿನಿಂದ. ಆಲ್ಫಾ-ಕೀಟೋಗ್ಲುಟರೇಟ್: ಮೀಥೈಲ್ ತೆಗೆಯುವ ಟೆಟ್ ಮತ್ತು ಕೆಡಿಎಂ ಬಳಗದ ಬಹುಪಾಲು ಕಿಣ್ವಗಳು ಇದಿಲ್ಲದೆ ಕೆಲಸ ಮಾಡುವುದಿಲ್ಲ. ಲ್ಯಾಕ್ಟೇಟ್ ಕೂಡ ಹಿಸ್ಟೋನಿನ ಮೇಲೆ ಗುರುತಾಗಿ ಕೂರುತ್ತದೆಂದು 2019ರಲ್ಲಿ ಗೊತ್ತಾಯಿತು. ಅದರ ಪೇಪರುಗಳು ಈಗ ಮಳೆಗಾಲದ ಅಣಬೆಯಂತೆ ಏಳುತ್ತಿವೆ, ನಿಧಾನವಾಗಿ ಓದಿ.

ಇಲ್ಲೂ ಅದೇ ಪ್ರಶ್ನೆ: ಯಾವ ಕೋಶದೊಳಗಿನ ಗುರುತು? 2020ರಲ್ಲಿ ‘ನೇಚರ್’ನಲ್ಲಿ ಬಂದ ಮಿಥಿಯೊನಿನ್ ಪೇಪರಿನಲ್ಲಿ ಕ್ಯಾನ್ಸರ್ ಕೋಶ ಎಸ್‌ಎಲ್‌ಸಿ43ಎ2 ಎಂಬ ಸಾಗಣೆ ಪ್ರೋಟೀನನ್ನು ಹೆಚ್ಚಿಸಿಕೊಂಡು ನಡುವಿನ ದ್ರವದ ಮಿಥಿಯೊನಿನ್ ಎಳೆದುಕೊಳ್ಳುತ್ತದೆ. ಗುರುತು ಅಳಿಸುವುದು ಮಾತ್ರ ಟಿ ಕೋಶದಲ್ಲಿ: ಅದರ ಹಿಸ್ಟೋನ್ ಎಚ್3ರ 79ನೇ ಲೈಸಿನ್ ಮೇಲಿನ ಮೀಥೈಲ್ ಗುರುತು ಕಡಿಮೆಯಾಗಿ, ಸ್ಟಾಟ್5 ಎಂಬ ಸಂಕೇತ ಪ್ರೋಟೀನ್ ಕುಗ್ಗಿ, ಕೋಶ ಸೋಲುತ್ತದೆ. ಕಾರಣ ಎಡಗಡೆ, ಪರಿಣಾಮ ಬಲಗಡೆ. ರಿವ್ಯೂ ಚಿತ್ರದಲ್ಲಿ ಇದೆಲ್ಲ ‘ಮಿಥಿಯೊನಿನ್ → ಎಪಿಜೆನೆಟಿಕ್ ಬದಲಾವಣೆ’ ಎಂಬ ಒಂದು ಬಾಣವಾಗಿರುತ್ತದೆ.

ಒಂದು ಕಾಯಿಲೆಯನ್ನು ಕೊನೆವರೆಗೆ ಹಿಂಬಾಲಿಸಿ

ಎಲ್ಲ ಹೆಜ್ಜೆಗಳೂ ಒಂದೇ ಕಡೆ ಸಿಗುವ ಕಾಯಿಲೆ ಬೇಕೆಂದರೆ ನಾನು ಕೊಡುವುದು ಐಡಿಎಚ್1 ರೂಪಾಂತರದ ಗ್ಲಿಯೋಮಾ, ಅದೊಂದು ಬಗೆಯ ಮಿದುಳಿನ ಗೆಡ್ಡೆ. 2008ರಲ್ಲಿ ಗೆಡ್ಡೆಗಳ ಜೀನ್ ಓದುತ್ತಿದ್ದವರಿಗೆ, ಕ್ರೆಬ್ಸ್ ಚಕ್ರದ ಪಾಠದಲ್ಲಿ ಬರುವ ಐಸೋಸಿಟ್ರೇಟ್ ಡಿಹೈಡ್ರೋಜಿನೇಸಿನ ಕೋಶರಸದಲ್ಲಿರುವ ಬಗೆಯಲ್ಲಿ ಒಂದೇ ಜಾಗ ಮತ್ತೆ ಮತ್ತೆ ಬದಲಾಗಿರುವುದು ಕಂಡಿತು. ಹೆಚ್ಚಾಗಿ 132ನೇ ಅರ್ಜಿನಿನ್ ಹೋಗಿ ಹಿಸ್ಟಿಡಿನ್ ಬಂದಿರುತ್ತದೆ. ಕಿಣ್ವ ಕೆಟ್ಟಿದೆ ಎಂದುಕೊಂಡಿದ್ದವರಿಗೆ 2009ರ ‘ನೇಚರ್’ ಪೇಪರ್ ಹೇಳಿದ್ದು ಬೇರೆ: ಅದು ಕೆಟ್ಟಿಲ್ಲ, ಹೊಸ ಕಸುಬು ಕಲಿತಿದೆ. ಆಲ್ಫಾ-ಕೀಟೋಗ್ಲುಟರೇಟನ್ನು ತೆಗೆದುಕೊಂಡು 2-ಹೈಡ್ರಾಕ್ಸಿಗ್ಲುಟರೇಟ್ ಮಾಡುತ್ತಿದೆ, ಅದೂ ಮಿಲಿಮೋಲಾರ್ ಮಟ್ಟದಲ್ಲಿ.

ಎರಡು ಅಣುಗಳನ್ನೂ ಪಕ್ಕಪಕ್ಕ ಬರೆದು ನೋಡಿ. ಒಂದರಲ್ಲಿ ಕೀಟೋನ್ ಇರುವ ಕಡೆ ಇನ್ನೊಂದರಲ್ಲಿ ಹೈಡ್ರಾಕ್ಸಿಲ್, ಅಷ್ಟೇ ವ್ಯತ್ಯಾಸ. ಹಾಗಾಗಿ ಅದು ಟೆಟ್ ಕಿಣ್ವದಲ್ಲಿ ಆಲ್ಫಾ-ಕೀಟೋಗ್ಲುಟರೇಟ್ ಕೂರಬೇಕಾದ ಜಾಗದಲ್ಲೇ ಕೂರುತ್ತದೆ, ಕೆಲಸ ಮಾತ್ರ ಮಾಡಿಸುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ: ಸೀಟು ಖಾಲಿ ಇಲ್ಲ, ಪ್ರಯಾಣ ಮಾಡುವವರೂ ಇಲ್ಲ. ಮೀಥೈಲ್ ತೆಗೆಯುವವರು ಕೆಲಸ ನಿಲ್ಲಿಸಿದರೆ ಡಿಎನ್‌ಎ ತುಂಬ ಮೀಥೈಲ್ ಸೇರುತ್ತದೆ. ಈ ಒಂದು ರೂಪಾಂತರವೇ ಅದಕ್ಕೆ ಸಾಕು ಎಂದು 2012ರಲ್ಲಿ ಕೋಶಗಳಿಗೆ ರೂಪಾಂತರಿತ ಜೀನನ್ನು ಸೇರಿಸಿ ತೋರಿಸಿದರು.

ಇನ್ನು ರೋಗನಿರೋಧಕ ಭಾಗ. ಇಲ್ಲಿ ಹಾಳೆಯ ಮೇಲೆ ಎರಡು ಬೇರೆ ದಾರಿ ಮೂಡಬೇಕು. ಮೊದಲನೆಯದು ಎಡಗಡೆಯದು. 2017ರ ಕೆಲಸವೊಂದರಲ್ಲಿ ಈ ರೂಪಾಂತರ ಇದ್ದ ಗೆಡ್ಡೆಗಳಲ್ಲಿ ಸ್ಟಾಟ್1, ಸಿಎಕ್ಸ್‌ಸಿಎಲ್10 ಎಂಬ ಎರಡು ಪ್ರೋಟೀನ್ ಕಡಿಮೆ ಇದ್ದವು. ಸಿಎಕ್ಸ್‌ಸಿಎಲ್10 ಟಿ ಕೋಶಗಳನ್ನು ಕರೆಯುವ ರಾಸಾಯನಿಕ. ಕರೆ ಹೋಗದಿದ್ದರೆ ಟಿ ಕೋಶ ಬರುವುದೂ ಕಡಿಮೆ. ಎರಡನೆಯ ದಾರಿ ಬಲಗಡೆಯದು. 2-ಹೈಡ್ರಾಕ್ಸಿಗ್ಲುಟರೇಟ್ ಕ್ಯಾನ್ಸರ್ ಕೋಶದಿಂದ ಹೊರಗೆ ಸೋರಿ ಟಿ ಕೋಶದೊಳಗೆ ನುಗ್ಗಿ ಅದನ್ನು ಕುಗ್ಗಿಸುತ್ತದೆ ಎಂದು ಜರ್ಮನಿಯ ಹೈಡೆಲ್‌ಬರ್ಗ್ ತಂಡ 2018ರಲ್ಲಿ ತೋರಿಸಿತು. ನನಗೆ ಬಹಳ ಇಷ್ಟವಾಗುವ ವಿವರ ಇಲ್ಲಿದೆ. ಟಿ ಕೋಶದೊಳಗಿನ ಆ ಹಾನಿಯನ್ನು ವಿವರಿಸಲು ಅವರಿಗೆ ಎಪಿಜೆನೆಟಿಕ್ ಗುರುತು ಬೇಕಾಗಲಿಲ್ಲ. ಟಿ ಕೋಶವನ್ನು ಎಚ್ಚರಿಸುವ ಎನ್‌ಫ್ಯಾಟ್ ಸಂಕೇತ ಮತ್ತು ಕೋಶ ಬೆಳೆಯಲು ಬೇಕಾದ ಪಾಲಿಅಮೈನ್ ತಯಾರಿಕೆ ಕೆಟ್ಟಿತ್ತು. 2022ರಲ್ಲಿ ಬೇರೊಂದು ತಂಡ, ಅದು ಟಿ ಕೋಶದಲ್ಲಿ ಲ್ಯಾಕ್ಟೇಟ್ ಮಾಡುವ ಕಿಣ್ವವಾದ ಲ್ಯಾಕ್ಟೇಟ್ ಡಿಹೈಡ್ರೋಜಿನೇಸನ್ನೇ ತಡೆಯುತ್ತದೆ ಎಂದಿತು. ಅಂದರೆ ಒಂದೇ ಅಣು ಎಡಗಡೆ ಗುರುತು ತಿದ್ದಿ, ಬಲಗಡೆ ನೇರ ಚಯಾಪಚಯಕ್ಕೆ ಕೈಹಾಕುತ್ತದೆ. ‘ಚಯಾಪಚಯದಿಂದ ಎಪಿಜೆನೆಟಿಕ್ಸ್, ಎಪಿಜೆನೆಟಿಕ್ಸಿನಿಂದ ರೋಗನಿರೋಧಕ ಸೋಲು’ ಎಂದು ಒಂದೇ ಸರಪಳಿ ಹೆಣೆದು ತಂದವರಿಗೆ ನಾನು ಈ ಪೇಪರ್ ಕೊಟ್ಟು ಕಳಿಸುತ್ತೇನೆ.

ಔಷಧಿಯ ಹಂತಕ್ಕೂ ಹೋಗಿ. ರೂಪಾಂತರಿತ ಕಿಣ್ವವನ್ನು ತಡೆಯುವ ವೊರಾಸಿಡೆನಿಬ್ ಮಾತ್ರೆಯ ‘ಇಂಡಿಗೋ’ ಎಂಬ ಪ್ರಯೋಗದಲ್ಲಿ 331 ರೋಗಿಗಳಿದ್ದರು. ಎಲ್ಲರದೂ ಎರಡನೇ ಗ್ರೇಡಿನ, ಸರ್ಜರಿ ಮಾತ್ರ ಆಗಿದ್ದ ಗೆಡ್ಡೆ. ಕಾಯಿಲೆ ಮುಂದುವರಿಯದೆ ಉಳಿದ ಮಧ್ಯಕ ಅವಧಿ ಔಷಧಿ ತೆಗೆದುಕೊಂಡವರಲ್ಲಿ 27.7 ತಿಂಗಳು, ಬರೀ ಪ್ಲಾಸಿಬೊ ಪಡೆದವರಲ್ಲಿ 11.1 ತಿಂಗಳು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು, 2024ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಒಳ್ಳೆಯ ಸುದ್ದಿಯೇ. ಆದರೆ ಆ ಪ್ರಯೋಗ ಅಳೆದದ್ದು ಸ್ಕ್ಯಾನಿನಲ್ಲಿ ಗೆಡ್ಡೆ ಬೆಳೆಯಿತೇ ಎಂಬುದನ್ನು. ಲಾಭ ಟಿ ಕೋಶಗಳಿಂದ ಬಂತು ಎಂದು ಅದು ಹೇಳಿಲ್ಲ, ನೀವೂ ಹೇಳಬೇಡಿ.

ಗುರುತು ತೆಗೆದು ನೋಡಿದರೇ?

ಗುರುತು ಇದೆ, ಟಿ ಕೋಶ ಸೋತಿದೆ. ಇವೆರಡೂ ಒಟ್ಟಿಗೆ ಕಂಡವು ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದಾಯಿತು ಎನ್ನಲಾಗದು. ಗುರುತು ತೆಗೆದಾಗ ಸೋಲು ಸರಿಹೋಯಿತೇ ಅನ್ನುವುದು ಪರೀಕ್ಷೆ. ಎಂಎಚ್‌ಸಿ-1ರಲ್ಲಿ ಇದು ಸುಲಭವಾಗಿ ಕಾಣುತ್ತದೆ. ಕೋಶ ತನ್ನೊಳಗಿನ ಪ್ರೋಟೀನ್ ಚೂರುಗಳನ್ನು ಹೊರಗೆ ತೋರಿಸುವುದು ಈ ಎಂಎಚ್‌ಸಿ-1ರ ಮೂಲಕ. ಅದಿಲ್ಲದಿದ್ದರೆ ಸಿಡಿ8 ಟಿ ಕೋಶಕ್ಕೆ ಕ್ಯಾನ್ಸರ್ ಕೋಶ ಕಾಣುವುದೇ ಇಲ್ಲ. ಅದನ್ನು ಕಳೆದುಕೊಳ್ಳಲು ಎರಡು ದಾರಿ. ಅದರ ಒಂದು ಭಾಗವಾದ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ನಿನ ಜೀನೇ ಮುರಿದಿದ್ದರೆ ಹೋಯಿತು, ಮರಳಿ ಬಾರದು. ಜೀನ್ ಸರಿಯಿದ್ದು ಪಿಆರ್‌ಸಿ2 ಎಂಬ ಕಿಣ್ವಗುಚ್ಛ ಮೀಥೈಲ್ ಹಾಕಿ ಮುಚ್ಚಿದ್ದರೆ ತೆರೆಯಬಹುದು. ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರಿನಲ್ಲಿ, ನ್ಯೂರೋಬ್ಲಾಸ್ಟೋಮಾ ಎಂಬ ಮಕ್ಕಳ ಕ್ಯಾನ್ಸರಿನಲ್ಲಿ ಹೀಗೆ ಮುಚ್ಚಿರುವುದನ್ನು 2019ರಲ್ಲಿ ತೋರಿಸಿದರು. ಪೇಪರಿನಲ್ಲಿ ಫ್ಲೋ ಸೈಟೋಮೆಟ್ರಿ (ಕೋಶದ ಮೇಲಿನ ಪ್ರೋಟೀನಿಗೆ ಬಣ್ಣ ಅಂಟಿಸಿ ಕೋಶ ಕೋಶವಾಗಿ ಅಳೆಯುವ ವಿಧಾನ) ಗ್ರಾಫಿನ ಗುಡ್ಡ ಹುಡುಕಿ: ಔಷಧಿ ಹಾಕದ ಕೋಶದ ಗುಡ್ಡ, ಹಾಕಿದ ಕೋಶದ ಗುಡ್ಡ, ಬಣ್ಣ ಅಂಟಿಸದ ಕೋಶದ ಗುಡ್ಡ. ಮೂರನೆಯದು ಇಲ್ಲದಿದ್ದರೆ ಮೊದಲೆರಡರ ನಡುವಿನ ದೂರಕ್ಕೆ ಅಷ್ಟೇನೂ ಅರ್ಥ ಇಲ್ಲ.

ಅಜಸೈಟಿಡಿನ್ ಕಥೆ ಇನ್ನೂ ಚೆಂದ. ರಕ್ತದ ಒಂದು ಬಗೆಯ ಕಾಯಿಲೆಗೆ 2004ರಿಂದ ಬಳಕೆಯಲ್ಲಿರುವ, ಡಿಎನ್‌ಎ ಮೀಥೈಲ್ ಕಡಿಮೆ ಮಾಡುವ ಔಷಧಿ. ನಮ್ಮ ಜೀನೋಮಿನಲ್ಲಿ ಸುಮಾರು ಶೇ. 8ರಷ್ಟು ಭಾಗ ಯಾವುದೋ ಕಾಲದಲ್ಲಿ ಒಳಸೇರಿದ ರೆಟ್ರೋವೈರಸ್‌ಗಳ ಪಳೆಯುಳಿಕೆ, ಮೀಥೈಲ್ ಹಾಕಿ ಮಲಗಿಸಿರುವುದು. ಔಷಧಿಯಿಂದ ಅವು ಎಚ್ಚರಗೊಂಡು ಜೋಡಿ ಎಳೆಯ ಆರ್‌ಎನ್‌ಎ ಹುಟ್ಟುತ್ತದೆ, ಕೋಶ ತನಗೆ ವೈರಸ್ ತಗುಲಿತೆಂದು ಗಾಬರಿಬಿದ್ದು ಇಂಟರ್‌ಫೆರಾನ್ ಕೂಗು ಹಾಕುತ್ತದೆ. 2015ರಲ್ಲಿ ಎರಡು ತಂಡಗಳು ಇದನ್ನು ಬೇರೆಬೇರೆಯಾಗಿ ಕಂಡವು. ಮರೆಯಲ್ಲಿದ್ದ ಕ್ಯಾನ್ಸರ್ ಕೋಶ ತಾನೇ ಸಿಕ್ಕಿಬೀಳುವ ದಾರಿ ಇದು. ಆದರೆ ಅದೇ ಔಷಧಿ ಬಲಗಡೆಯ ಕೋಶಕ್ಕೂ ಹೋಗುತ್ತದೆ ಎಂಬುದನ್ನು ಹಾಳೆ ನಿಮಗೆ ನೆನಪಿಸುತ್ತಿರಬೇಕು. ಬಹಳ ಕಾಲ ಹೋರಾಡಿ ದಣಿದ ಟಿ ಕೋಶಕ್ಕೆ ತನ್ನದೇ ಎಪಿಜೆನೆಟಿಕ್ ಗುರುತುಗಳಿರುತ್ತವೆ. ಟಿ ಕೋಶಕ್ಕೆ ಬ್ರೇಕ್ ಹಾಕುವ ಪಿಡಿ-1 ದಾರಿಯನ್ನು ಔಷಧಿಯಿಂದ ತಡೆದರೂ ಆ ಗುರುತುಗಳು ಬಹುಪಾಲು ಹಾಗೇ ಉಳಿಯುತ್ತವೆ ಎಂದು 2016ರಲ್ಲಿ ಇಲಿಗಳಲ್ಲಿ ಕಂಡಿತು.

ಇಲಿಗೆ ಟಿ ಕೋಶ ಇತ್ತೇ?

ಇದು ಚಿಕ್ಕ ಪ್ರಶ್ನೆ, ಆದರೆ ಇಲ್ಲೇ ಅರ್ಧ ಪೇಪರುಗಳ ದೊಡ್ಡ ಮಾತು ಕುಸಿಯುವುದು. ಮನುಷ್ಯರ ಕ್ಯಾನ್ಸರ್ ಕೋಶವನ್ನು ಇಲಿಯಲ್ಲಿ ಬೆಳೆಸಬೇಕಾದರೆ ಸಾಮಾನ್ಯವಾಗಿ ಥೈಮಸ್ ಇಲ್ಲದ ನ್ಯೂಡ್ ಇಲಿಯನ್ನೋ, ಟಿ, ಬಿ, ಎನ್‌ಕೆ ಈ ಮೂರೂ ಬಗೆಯ ರೋಗನಿರೋಧಕ ಕೋಶಗಳಿಲ್ಲದ ಎನ್‌ಎಸ್‌ಜಿ ಇಲಿಯನ್ನೋ ಬಳಸುತ್ತಾರೆ. ಅಂಥ ಇಲಿಯಲ್ಲಿ ಔಷಧಿ ಕೊಟ್ಟು ಗೆಡ್ಡೆ ಕುಗ್ಗಿದರೆ ಅದು ಟಿ ಕೋಶದಿಂದ ಆದದ್ದಲ್ಲ. ನಿಮಗೆ ಬೇಕಾದದ್ದು ಮೂರು ಗುಂಪು: ಮಾಮೂಲಿ ಇಲಿಯಲ್ಲಿ ಔಷಧಿ ಕೆಲಸ ಮಾಡಬೇಕು, ಸಿಡಿ8 ಕೋಶಗಳನ್ನು ಆ್ಯಂಟಿಬಾಡಿಯಿಂದ ತೆಗೆದುಹಾಕಿದ ಇಲಿಯಲ್ಲಿ ಅದೇ ಔಷಧಿ ಕೆಲಸ ಮಾಡಬಾರದು, ಔಷಧಿ ಕೊಡದ ಇಲಿಯೂ ಜೊತೆಗಿರಬೇಕು. ಈ ಚಿತ್ರ ಮುಖ್ಯ ಭಾಗದಲ್ಲಿ ಕಾಣದಿದ್ದರೆ ಸಪ್ಲಿಮೆಂಟರಿ ಫೈಲ್ ಇಳಿಸಿಕೊಂಡು ಹುಡುಕಿ. ಅಲ್ಲೂ ಇಲ್ಲದಿದ್ದರೆ ಪೆನ್ಸಿಲ್ ಬಾಣವನ್ನು ಚುಕ್ಕೆ ಗೆರೆ ಮಾಡಿ.

ಮನುಷ್ಯರವರೆಗೆ ಹೋಗಿ ಸೋತ ಉದಾಹರಣೆ ಒಂದನ್ನಾದರೂ ತಿಳಿದಿರಬೇಕು. ಐಡಿಒ ಎಂಬ ಕಿಣ್ವ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ಕೈನುರೆನಿನ್ ಮಾಡುತ್ತದೆ; ಮೊದಲನೆಯದು ಕಡಿಮೆಯಾದರೂ ಎರಡನೆಯದು ಹೆಚ್ಚಾದರೂ ಟಿ ಕೋಶಕ್ಕೆ ಕಷ್ಟ. ಇದರ ಸುಳಿವು ಸಿಕ್ಕಿದ್ದು ಕ್ಯಾನ್ಸರಿನಲ್ಲಲ್ಲ, 1998ರಲ್ಲಿ ಬಸುರಿ ಇಲಿಗಳಲ್ಲಿ: ಮರಿಯನ್ನು ತಾಯಿಯ ಟಿ ಕೋಶಗಳು ಯಾಕೆ ತಿರಸ್ಕರಿಸುವುದಿಲ್ಲ ಎಂಬ ಹುಡುಕಾಟದಲ್ಲಿ. ಮುಂದೆ ಐಡಿಒ ತಡೆಯುವ ಎಪಕಾಡೊಸ್ಟಾಟ್ ಬಂತು. ಚಿಕ್ಕ ಪ್ರಯೋಗಗಳಲ್ಲಿ ಭರವಸೆ ಹುಟ್ಟಿಸಿತು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ 706 ರೋಗಿಗಳ ದೊಡ್ಡ ಪ್ರಯೋಗದಲ್ಲಿ, ಪಿಡಿ-1 ತಡೆಯುವ ಪೆಂಬ್ರೊಲಿಜುಮಾಬ್ ಜೊತೆ ಇದನ್ನು ಸೇರಿಸಿ ಕೊಟ್ಟರೂ ಹೆಚ್ಚಿನ ಪ್ರಯೋಜನ ಆಗಲಿಲ್ಲ ಎಂದು 2018ರ ಏಪ್ರಿಲಿನಲ್ಲಿ ತಿಳಿಯಿತು. ಟ್ರಿಪ್ಟೊಫ್ಯಾನ್ ಒಡೆಯಲು ಟಿಡಿಒ ಎಂಬ ಇನ್ನೊಂದು ಕಿಣ್ವವೂ ಇದೆ. ಸೇರಿಸಿಕೊಂಡ ರೋಗಿಗಳ ಗೆಡ್ಡೆಯಲ್ಲಿ ಐಡಿಒ ಹೆಚ್ಚಿರಲೇಬೇಕೆಂಬ ಷರತ್ತೂ ಇರಲಿಲ್ಲ. ನಿಮ್ಮ ಪೇಪರಿನ ಕೊನೆಗೆ ‘ಇದನ್ನು ತಡೆದರೆ ಚಿಕಿತ್ಸೆ ಸಾಧ್ಯ’ ಎಂಬ ಸಾಲು ಕಂಡರೆ, ಅದೇ ಕೆಲಸ ಮಾಡಬಲ್ಲ ಬೇರೆ ಕಿಣ್ವ ಯಾವುದಿದೆ ಎಂದು ಪಕ್ಕದಲ್ಲಿ ಬರೆದುಕೊಳ್ಳಿ.

ಕೊನೆಗೆ ಒಂದು ವಾಕ್ಯ ಬರೆಯಿರಿ

ಹಾಳೆ ತುಂಬಿದ ಮೇಲೆ ಪೇಪರ್ ಮುಚ್ಚಿಟ್ಟು ಒಂದೇ ವಾಕ್ಯ. ಅದರಲ್ಲಿ ಪ್ರಾಣಿ, ಗೆಡ್ಡೆ, ಕೋಶ, ಅಣು, ಅಳತೆ ಇಷ್ಟೂ ಇರಬೇಕು. ಮಾದರಿಗೆ: ‘ಐಡಿಎಚ್1 ರೂಪಾಂತರದ ಗ್ಲಿಯೋಮಾ ಇರುವ ಇಲಿಯಲ್ಲಿ, ಕ್ಯಾನ್ಸರ್ ಕೋಶದ ಸಿಎಕ್ಸ್‌ಸಿಎಲ್10 ಕಡಿಮೆ ಇದ್ದು, ಗೆಡ್ಡೆಯೊಳಗೆ ಸಿಡಿ8 ಟಿ ಕೋಶಗಳು ಕಡಿಮೆ ಕಂಡವು, ರೂಪಾಂತರಿತ ಕಿಣ್ವವನ್ನು ತಡೆದಾಗ ಸಿಎಕ್ಸ್‌ಸಿಎಲ್10 ಏರಿತು.’ ಓದಲು ರುಚಿಯಾಗಿಲ್ಲ, ನಿಜ. ಆದರೆ ಪ್ರಶ್ನೆ ಕೇಳುವವರು ಎಲ್ಲಿ ಒತ್ತಿದರೂ ಒಡೆಯುವುದಿಲ್ಲ. ‘ಕ್ಯಾನ್ಸರ್ ಚಾಣಾಕ್ಷತನದಿಂದ’ ಎಂಬ ಥರದ ಮಾತು ನುಸುಳಿದ್ದರೆ ಹೊಡೆದುಹಾಕಿ, ಕೋಶಕ್ಕೆ ತಂತ್ರಗಾರಿಕೆ ಗೊತ್ತಿಲ್ಲ.

ಮೊದಲ ಪೇಪರ್ ಯಾವುದು ಎಂದು ಕೇಳುವವರಿಗೆ 2020ರ ಮಿಥಿಯೊನಿನ್ ಪೇಪರನ್ನೇ ಹೇಳುತ್ತೇನೆ, ಅದರಲ್ಲಿ ಶುರುವಿನಿಂದಲೇ ಎರಡೂ ಕೋಶ ಬೇಕಾಗುತ್ತವೆ. ಐಡಿಎಚ್1 ಎರಡನೆಯದು, 2017 ಮತ್ತು 2018ರದ್ದನ್ನು ಒಟ್ಟಿಗೇ ಇಟ್ಟುಕೊಂಡು ಓದಿ. ಲ್ಯಾಕ್ಟೇಟಿನ ತಂಟೆಗೆ ಮೀಡಿಯಂ ಟೇಬಲ್ ಓದುವುದು ಅಭ್ಯಾಸವಾದ ಮೇಲೆ ಹೋಗಿ.